ಊರ ಉಸಾಬರಿಯ ರಾಯರು

ಹುಟ್ಟುವಾಗಲೇ ಬೈಗುಳವಾಗಿ ಹುಟ್ಟಿ, ಎಷ್ಟು ತಲೆಮಾರು ಕಳೆದರೂ ಮರ್ಯಾದೆಯ ಪಂಕ್ತಿಯಲ್ಲಿ ಕೂರಲಾಗದೆ ಉಳಿದ ಮಾತುಗಳು ನಮ್ಮ ಭಾಷೆಯಲ್ಲಿ ಕೆಲವುಂಟು. 'ಊರ ಉಸಾಬರಿ' ಎಂಬುದು ಅವುಗಳಲ್ಲಿ ಅಗ್ರಗಣ್ಯವಾದದ್ದು. ತನ್ನ ಮನೆಯ ಹೆಂಚು ಸೋರುತ್ತಿರುವಾಗ ಗುಡಿಯ ಗೋಪುರಕ್ಕೆ ಸುಣ್ಣ ಬಳಿಸಲು ಚಂದಾ ಎತ್ತುವ ಗಂಡನನ್ನು ಕುರಿತು ಹೆಂಡತಿಯೂ, ನಾಳೆ ಪರೀಕ್ಷೆಯೆಂಬಾಗ ಗಣಪತಿಯ ಪೆಂಡಾಲಿಗೆ ಕಂಬ ನೆಡಲು ಓಡುವ ಮಗನನ್ನು ಕುರಿತು ತಂದೆಯೂ ಆಡುತ್ತ ಬಂದಿರುವ ಈ ಮಾತನ್ನು ಸನ್ಮಾನಪತ್ರದಲ್ಲಿ ಬರೆಸಿ, ಚೌಕಟ್ಟು ಹಾಕಿಸಿ, ಶಾಲು ಹಣ್ಣುಗಳೊಡನೆ ಯಾರಿಗಾದರೂ ಅರ್ಪಿಸಿದ್ದನ್ನು ನಾನಂತೂ ಕಂಡವನಲ್ಲ. ಆದರೆ ನ್ಯೂಜೆರ್ಸಿಯ ವೆಸ್ಟ್ ವಿಂಡ್ಸರಿನಲ್ಲಿ ನೆಲೆಸಿ ಇಪ್ಪತ್ತು ಚಳಿಗಾಲಗಳನ್ನು ಕಳೆದ ಮೇಲೆ, ಈ ಮಾತಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಸಡಿಲವಾಗಿದೆಯೆಂದು ಒಪ್ಪಿಕೊಳ್ಳಲೇಬೇಕು. ಅದಕ್ಕೆ ಕಾರಣರಾದವರು ನಮ್ಮ ರಾಯರು.

ರಾಯರ ಪೂರ್ಣ ನಾಮಧೇಯವನ್ನು ನಾನು ಹೇಳುವುದಿಲ್ಲ; ಹೇಳುವ ಅಗತ್ಯವೂ ಇಲ್ಲ. ಮುಂಬಯಿಯ ಮಾಟುಂಗವಾಗಲಿ, ದೆಹಲಿಯಾಗಲಿ, ಲಂಡನ್ನಾಗಲಿ, ಎಲ್ಲಿ ಇಪ್ಪತ್ತು ಕನ್ನಡದ ಮನೆಗಳು ಸೇರುತ್ತವೆಯೋ ಅಲ್ಲಿ ಇಪ್ಪತ್ತೊಂದನೆಯದು ರಾಯರ ಮನೆಯಾಗಿರುತ್ತದೆ. ಕೆಲವೆಡೆ ಅವರು ಗೌಡರಾಗಿಯೂ ಕೆಲವೆಡೆ ಪಾಟೀಲರಾಗಿಯೂ ಇನ್ನು ಕೆಲವೆಡೆ ಸಾಕ್ಷಾತ್ ಕಮಲಮ್ಮನವರಾಗಿಯೂ ಅವತರಿಸುವುದುಂಟು; ಅವತಾರ ಬೇರೆಯಾದರೂ ಉಸಾಬರಿ ಒಂದೇ. ನಮ್ಮ ಪಾಲಿಗೆ ಬಂದ ಅವತಾರಕ್ಕೆ ಅರವತ್ತರ ಆಸುಪಾಸಿನ ವಯಸ್ಸು, ಯಾವುದೋ ಬ್ಯಾಂಕಿನವರು ಪುಕ್ಕಟೆ ಹಂಚಿದ ಟೋಪಿ, ಮೈಸೂರಿನ ನಾಲಗೆ, ಮತ್ತು ಒಂದು ಹಳೆಯ ವ್ಯಾನು. ಆ ವ್ಯಾನಿನ ಹಿಂಭಾಗದಲ್ಲಿ ಮಡಿಸುವ ಮೇಜುಗಳು ಎರಡು, ಅಲ್ಯೂಮಿನಿಯಂ ತಟ್ಟೆಗಳು, ಹುಳಿ ಬಡಿಸುವ ಸೌಟುಗಳು, ಅರಿಸಿನ ಕೆಂಪಿನ ಬಾವುಟ, ಬ್ಯಾಟರಿ ಸತ್ತ ಕಾರಿಗೆ ಜೀವ ತುಂಬುವ ತಂತಿಗಳು, ದಾರಿ ತೋರಿಸುವ ಸ್ವಯಂಸೇವಕರು ತೊಡುವ ಕಿತ್ತಳೆ ಬಣ್ಣದ ನಿಲುವಂಗಿ, ಮತ್ತು ಹೊಸದಾಗಿ ಬಂದ ಸಂಸಾರಕ್ಕೆಂದು ಕುಂಡದಲ್ಲಿ ಕಾದಿರುವ ಕರಿಬೇವಿನ ಸಸಿ, ಇಷ್ಟೂ ಸದಾ ಸಿದ್ಧವಾಗಿರುತ್ತವೆ. ಪ್ರಳಯವೇ ಬಂದರೂ ಆ ವ್ಯಾನಿನಿಂದ ಐವತ್ತು ಜನಕ್ಕೆ ಊಟ ಬಡಿಸಬಹುದೆಂದು ನಾನು ಒಮ್ಮೆ ಹಾಸ್ಯಕ್ಕೆ ಹೇಳಿದ್ದೆ. ಆ ಹಾಸ್ಯಕ್ಕೆ ನಾನೇ ತಲೆತಗ್ಗಿಸಬೇಕಾದ ದಿನ ಬಂದದ್ದನ್ನು ಮುಂದೆ ಹೇಳುತ್ತೇನೆ.

ವೆಸ್ಟ್ ವಿಂಡ್ಸರನ್ನು 'ಊರು' ಎಂದು ಕರೆಯಲು ಮೊದಮೊದಲು ನನ್ನ ನಾಲಗೆ ಹೊರಳುತ್ತಿರಲಿಲ್ಲ. ಇದು ಹಳೆಯ ಸ್ಥಳವೇನೋ ಹೌದು. 1797ರಲ್ಲಿ, ಎಂದರೆ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಇನ್ನೂ ಆಳುತ್ತಿದ್ದ ಕಾಲದಲ್ಲಿ, ಸ್ಥಾಪಿತವಾದ ಟೌನ್‌ಶಿಪ್ಪು. 2020ರ ಜನಗಣತಿಯಲ್ಲಿ 29,500ಕ್ಕೆ ಮಿಕ್ಕ ಜನರಿದ್ದರು. ಆದರೆ ಊರೆಂದ ಮೇಲೆ ಅದಕ್ಕೊಂದು ನಡು ಬೇಡವೆ? ಇಲ್ಲಿ ತೇರುಬೀದಿಯಿಲ್ಲ, ಪೇಟೆಬೀದಿಯಿಲ್ಲ, ಅರಳಿಕಟ್ಟೆಯಿಲ್ಲ. ಹಿಂದೆ ಹೊಲಗಳಿದ್ದ ಕಡೆ ಬಡಾವಣೆಗಳೆದ್ದು, ಒಂದು ಬಡಾವಣೆಯವನಿಗೆ ಮತ್ತೊಂದು ಬಡಾವಣೆಯವನ ಮುಖಪರಿಚಯ ಹೆದ್ದಾರಿಯ ಕೆಂಪುದೀಪದ ಬಳಿ ಗಾಜಿನ ಮೂಲಕ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ನೆರೆಯ ಪ್ರಿನ್ಸ್‌ಟನ್ನಿಗೆ ವಿಶ್ವವಿದ್ಯಾಲಯವಿದೆ, ಐನ್‌ಸ್ಟೈನ್ ವಾಸವಾಗಿದ್ದ ಮನೆಯಿದೆ. ನಮಗಿರುವುದು ಒಂದು ರೈಲು ನಿಲ್ದಾಣ, ಅದರ ಹೆಸರೂ 'ಪ್ರಿನ್ಸ್‌ಟನ್ ಜಂಕ್ಷನ್'. ನೆಲ ನಮ್ಮದು, ಹೆಸರು ಪಕ್ಕದವರದು. ಅಲ್ಲಿಂದ ಪ್ರಿನ್ಸ್‌ಟನ್ನಿಗೆ 'ಡಿಂಕಿ' ಎಂಬ ಪುಟ್ಟ ರೈಲೊಂದು ಸುಮಾರು ನಾಲ್ಕೂಕಾಲು ಕಿಲೋಮೀಟರು ಓಡಿ, ಕೂತವರು ಕಾಲು ನೀಡುವುದರೊಳಗೆ ಐದೇ ನಿಮಿಷದಲ್ಲಿ ನಿಂತುಬಿಡುತ್ತದೆ. ಅತಿಥಿಗಳಿಗೆ ಇದನ್ನೆಲ್ಲ ತೋರಿಸುವಾಗ ರಾಯರು ಎದೆಯುಬ್ಬಿಸಿ, "ಐನ್‌ಸ್ಟೈನ್ ಅವರವರಿರಬಹುದು ಸ್ವಾಮಿ, ಜಾನ್ ನ್ಯಾಶ್ ನಮ್ಮವರು!" ಎನ್ನುತ್ತಾರೆ. ನೊಬೆಲ್ ಪುರಸ್ಕೃತರಾದ ಆ ಗಣಿತಜ್ಞರು 2015ರಲ್ಲಿ ತೀರಿಕೊಳ್ಳುವವರೆಗೂ ಈ ಊರಿನಲ್ಲೇ ಮನೆ ಮಾಡಿಕೊಂಡಿದ್ದುದು ನಿಜವಾದ್ದರಿಂದ ಯಾರೂ ಎದುರಾಡುವಂತಿಲ್ಲ.

ಇಂಥ ನಡುವಿಲ್ಲದ ಊರಿಗೆ ರಾಯರು ತಾವೇ ನಡುವಾದರು, ತಾವೇ ಕಟ್ಟೆಯಾದರು. ಅವರ ಮುಖ್ಯ ಉದ್ಯೋಗ ಯಾವುದೋ ಔಷಧ ಕಂಪನಿಯ ಲೆಕ್ಕಪತ್ರವೆಂದು ಅವರು ನಿವೃತ್ತರಾಗುವವರೆಗೂ ಆದಾಯ ತೆರಿಗೆಯವರು ನಂಬಿದ್ದರು. ನಾವು ಬಲ್ಲಂತೆ ಅವರ ಮುಖ್ಯ ಉದ್ಯೋಗ ಸುದ್ದಿ. ವಾಟ್ಸಾಪಿನಲ್ಲಿ ಬಂದದ್ದನ್ನು ಅವರು ಸುದ್ದಿಯೆಂದು ಅಂಗೀಕರಿಸುವುದಿಲ್ಲ; ಅದು ಕೇವಲ ಸೂಚನೆ. ಸುದ್ದಿಯೆಂದರೆ ತಮ್ಮ ಕಣ್ಣಿನಿಂದ ಕಂಡು, ಮನಸ್ಸಿನಲ್ಲಿ ಕೂಡಿ ಕಳೆದು, ಬಾಯಿಂದ ಬಾಯಿಗೆ ಬಿಸಿಬಿಸಿಯಾಗಿ ಬಡಿಸತಕ್ಕದ್ದು. ಈ ರಾಜ್ಯದಲ್ಲಿ ಇಪ್ಪತ್ತೊಂದು ತುಂಬದ ಹೊಸ ಚಾಲಕರು ಕಾರಿನ ನಂಬರುಫಲಕದ ಮೂಲೆಗೆ ಕೆಂಪು ಚೀಟಿ ಅಂಟಿಸಬೇಕೆಂಬ ಕಾನೂನು 2010ರಲ್ಲಿ ಜಾರಿಗೆ ಬಂದಿತಷ್ಟೆ. ಸರ್ಕಾರ ಅದನ್ನು ಪೋಲೀಸರ ಅನುಕೂಲಕ್ಕಾಗಿ ಮಾಡಿತೆಂದು ಲೋಕದ ನಂಬಿಕೆ, ತಮ್ಮ ಅನುಕೂಲಕ್ಕಾಗಿ ಮಾಡಿತೆಂದು ರಾಯರ ನಂಬಿಕೆ. ಬೆಳಗಿನ ನಡಿಗೆಯಲ್ಲಿ ಒಂದು ಮನೆಯ ಮುಂದೆ ಕೆಂಪು ಚೀಟಿ ಕಂಡರೆ, ಕಾಫಿಯ ಹೊತ್ತಿಗೆ ಆ ಮನೆಯ ಹುಡುಗನಿಗೆ ಲೈಸೆನ್ಸ್ ಬಂದ ಸಂಗತಿ ಹನ್ನೆರಡು ಮನೆಗಳನ್ನು ಮುಟ್ಟಿ, ಹನ್ನೆರಡು ಮನೆಗಳ ತಾಯಂದಿರು ತಮ್ಮ ಮಕ್ಕಳಿಗೆ ಆ ದಿನ ಸೈಕಲ್ ಬೇಡವೆಂದಿರುತ್ತಾರೆ. ಕಾರಿನ ಹಿಂದಿನ ಗಾಜಿಗೆ ಹೊಸ ಕಾಲೇಜಿನ ಹೆಸರು ಅಂಟಿಕೊಂಡರೆ ಮಗಳಿಗೆ ಸೀಟು ಸಿಕ್ಕಿತೆಂದು. ಪಟೇಲರ ಅಂಗಡಿಯಲ್ಲಿ ಒಬ್ಬನೇ ಗೃಹಸ್ಥ ಇಪ್ಪತ್ತು ತೆಂಗಿನಕಾಯಿ ಆರಿಸುತ್ತಿದ್ದರೆ ಉಪನಯನವೋ ಗೃಹಪ್ರವೇಶವೋ ಸನ್ನಿಹಿತವೆಂದು. 2011ರ ಬಿರುಗಾಳಿಯ ತರುವಾಯ ಒಬ್ಬರು ವಿದ್ಯುತ್ತಿಗಾಗಿ ಜನರೇಟರ್ ಕೊಂಡದ್ದನ್ನು ಸಹ ರಾಯರು ನಾಮಕರಣದ ಸಂಭ್ರಮದಿಂದಲೇ ಸಾರಿದ್ದರು. ಯಂತ್ರಕ್ಕೆ ಏನು ಹೆಸರಿಟ್ಟರೆಂದು ಕೇಳಿ ನಾವೆಲ್ಲ ನಕ್ಕಿದ್ದೆವು.

ಆದರೆ ಎಂಥ ಜೋಯಿಸರ ಲೆಕ್ಕವೂ ಒಮ್ಮೊಮ್ಮೆ ತಪ್ಪುವುದುಂಟು. ಮನೆಯ ಮುಂದಣ ಕಾರು ನಿಲ್ಲಿಸುವ ಜಾಗದಲ್ಲಿ ರಂಗೋಲಿ ಕಂಡರೆ ಊರಿನಿಂದ ಅಜ್ಜಿ ಬಂದಿದ್ದಾರೆಂದೂ, ಅಜ್ಜಿ ಬಂದಿದ್ದಾರೆಂದರೆ ಬಾಣಂತನಕ್ಕೇ ಬಂದಿದ್ದಾರೆಂದೂ ರಾಯರ ಶಾಸ್ತ್ರದಲ್ಲಿ ಸಿದ್ಧಾಂತವಿದೆ. ಒಂದು ಏಪ್ರಿಲಿನಲ್ಲಿ ಹೀಗೆ ರಂಗೋಲಿಯಿಂದ ಕಾರ್ಯಕಾರಣಗಳನ್ನು ನೇಯ್ದು ಅವರು ಶುಭವಾರ್ತೆಯನ್ನು ಬಿತ್ತರಿಸಿದರು. ಅದರ ಪರಿಣಾಮವಾಗಿ, ಅತ್ತೆಯವರನ್ನು ನಯಾಗರ ನೋಡಲು ಕರೆಸಿಕೊಂಡಿದ್ದ ಆ ನಿರಪರಾಧಿ ಹೆಣ್ಣುಮಗಳ ಮನೆಗೆ ಒಂದೇ ವಾರದಲ್ಲಿ ಮೂರು ಡಬ್ಬಿ ಅಂಟಿನುಂಡೆಯೂ, ಒಂದು ಸೀಸೆ ಲೇಹ್ಯವೂ, ಮಡಿಸಿದ ಹಳೆಯ ತೊಟ್ಟಿಲೂ ಬಂದು ಸೇರಿದವು. ಆಕೆ ರಾಯರೊಡನೆ ಹತ್ತು ತಿಂಗಳು ಮಾತು ಬಿಟ್ಟಳು. ಹನ್ನೊಂದನೆಯ ತಿಂಗಳು ಆಕೆಯ ಮನೆಯಿಂದಲೇ ನಿಜವಾದ ಶುಭವಾರ್ತೆ ಬಂದಾಗ ರಾಯರು ಲವಲೇಶವೂ ಲಜ್ಜೆಯಿಲ್ಲದೆ, "ನಾನು ಸುಳ್ಳು ಹೇಳಲಿಲ್ಲ ಕಣಮ್ಮ, ಸ್ವಲ್ಪ ಮುಂಚೆ ಹೇಳಿದೆ ಅಷ್ಟೆ. ತೊಟ್ಟಿಲು ಇದೆಯಲ್ಲ?" ಎಂದರು.

ಈ ಪ್ರಸಂಗವನ್ನು ಯಾರಾದರೂ ಕೆದಕಿದರೆ ರಾಯರು ಅವರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಗ್ರೋವರ್ಸ್ ಮಿಲ್ಲಿಗೆ ಕರೆದೊಯ್ಯುತ್ತಾರೆ. ಅದು ನಮ್ಮ ಟೌನ್‌ಶಿಪ್ಪಿನೊಳಗಿನದೇ ಒಂದು ಮೂಲೆ. ಕೆರೆಯಷ್ಟಗಲದ ನೀರು, ಪಕ್ಕದಲ್ಲೊಂದು ಉದ್ಯಾನ, ಅದರಲ್ಲಿ 1988ರಲ್ಲಿ ನಿಲ್ಲಿಸಿದ ಒಂದು ಸ್ಮಾರಕ. 1938ರ ಅಕ್ಟೋಬರ್ 30ರ ರಾತ್ರಿ ಆರ್ಸನ್ ವೆಲ್ಸ್ ಎಂಬ ನಟ ಎಚ್. ಜಿ. ವೆಲ್ಸರ ಕಾದಂಬರಿಯೊಂದನ್ನು ಸುದ್ದಿಪ್ರಸಾರದ ಧಾಟಿಯಲ್ಲಿ ರೇಡಿಯೋ ನಾಟಕವಾಗಿ ಆಡಿದಾಗ, ಮಂಗಳಗ್ರಹದವರು ಬಂದಿಳಿದರೆಂದು ಹೇಳಿದ ಜಾಗ ಇದೇ. ಕಥೆಗೊಂದು ಸ್ಥಳ ಬೇಕೆಂದು ನಾಟಕ ಬರೆದಾತ ಕಣ್ಣುಮುಚ್ಚಿ ನಕ್ಷೆಯ ಮೇಲೆ ಪೆನ್ಸಿಲ್ ಊರಿದನಂತೆ, ಅದು ಇಲ್ಲಿಗೆ ಬಿತ್ತಂತೆ. ಕೇಳಿದವರಲ್ಲಿ ಅನೇಕರು ಗಾಬರಿಗೊಂಡರು. ಇಲ್ಲಿನ ನೀರಿನ ತೊಟ್ಟಿಯ ಗೋಪುರವನ್ನೇ ಮಂಗಳಗ್ರಹದ ರಾಕ್ಷಸನೆಂದು ಬಗೆದು ಯಾರೋ ಗುಂಡು ಹಾರಿಸಿದರೆಂಬ ದಂತಕಥೆಯೂ ಇದೆ. ಆ ಗಾಬರಿಯ ಗಾತ್ರವನ್ನು ಮರುದಿನದ ಪತ್ರಿಕೆಗಳೇ ಹಿಗ್ಗಿಸಿದವೆಂದು ಈಚಿನ ವಿದ್ವಾಂಸರು ಹೇಳುತ್ತಾರೆ. ರಾಯರ ವಾದಸರಣಿ ಹೀಗಿದೆ: "ನೋಡಿ, 1935ರಲ್ಲಿ ನಮ್ಮ ಮೈಸೂರಿನಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೋ ನಿಲಯ ಇಟ್ಟು 'ಆಕಾಶವಾಣಿ' ಅಂತ ಹೆಸರು ಕೊಟ್ಟರು, ಮೂರೇ ವರ್ಷಕ್ಕೆ ಇವರು ಆಕಾಶದಿಂದಲೇ ಜನರನ್ನು ಇಳಿಸಿಬಿಟ್ಟರು! ಅಂಥಾ ಊರಿನಲ್ಲಿ ಕೂತು ನಾನು ಒಂದು ಕೂಸನ್ನು ಹತ್ತು ತಿಂಗಳು ಮುಂಚೆ ಇಳಿಸಿದರೆ ಅಪರಾಧವೇ?" ಈ ತರ್ಕಕ್ಕೆ ಉತ್ತರ ಕೊಡಬಲ್ಲ ನೈಯಾಯಿಕರನ್ನು ನಾನು ಇನ್ನೂ ಕಾಣಬೇಕಾಗಿದೆ.

ರಾಯರ ಸಮಸ್ತ ಜ್ಞಾನವೂ ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ನಿಕ್ಷಿಪ್ತವಾಗಿದೆ. ಯಜಮಾನರ ಹೆಸರು, ಊರು, ಇಲ್ಲಿಗೆ ಬಂದ ವರ್ಷ, ಮನೆಯಲ್ಲಿರುವ ಹಿರಿಯರು, ಅವರ ಪಥ್ಯ, ಮಕ್ಕಳ ಶಾಲೆ, ಎಂದು ಅದರಲ್ಲಿ ಅಂಕಣಗಳುಂಟು. 'ಊರು' ಎಂಬ ಅಂಕಣದಲ್ಲಿ ಅರಕಲಗೂಡಿನಿಂದ ಅಥಣಿಯವರೆಗೆ, ಕಾಸರಗೋಡಿನಿಂದ ಕೋಲಾರದವರೆಗೆ ಕನ್ನಡನಾಡಿನ ಭೂಪಟವೇ ಕಂಬಸಾಲಾಗಿ ನಿಂತಿದೆ. ಮಕ್ಕಳ ಅಂಕಣದಲ್ಲಿ ಎರಡೇ ಅಕ್ಷರ: 'ಉ' ಅಥವಾ 'ದ'. ವೆಸ್ಟ್ ವಿಂಡ್ಸರಿಗೂ ನೆರೆಯ ಪ್ಲೇನ್ಸ್‌ಬರೋವಿಗೂ ಸೇರಿ ಇರುವ ಪ್ರೌಢಶಾಲೆಗಳು ಎರಡು, ಒಂದು ಉತ್ತರ, ಒಂದು ದಕ್ಷಿಣ. ದಕ್ಷಿಣದ್ದು ಹಳೆಯದು, ಉತ್ತರದ್ದು 1997ರದು. ಧಾರವಾಡದ ಕಡೆಯಿಂದ ಹೊಸದಾಗಿ ಬಂದಿದ್ದ ಒಬ್ಬರನ್ನು ರಾಯರು ಕಂಡೊಡನೆಯೇ, "ತಾವು ಉತ್ತರವೋ ದಕ್ಷಿಣವೋ?" ಎಂದು ಕೇಳಿದಾಗ, ಅವರು ಕುರ್ಚಿಯಿಂದ ಅರ್ಧ ಎದ್ದು, "ಉತ್ತರರೀ! ಅಲ್ರೀ, ಏಳು ಸಮುದ್ರ ದಾಟಿ ಬಂದ್ರೂ ಇದನ್ನ ಬಿಡೂದಿಲ್ಲೇನ್ರೀ ನೀವು ಮೈಸೂರವ್ರು?" ಎಂದು ಗುಡುಗಿದರಂತೆ. ಶಾಲೆಯ ವಿಷಯವೆಂದು ತಿಳಿದು ನಗೆಯಲ್ಲಿ ಮುಗಿದ ಆ ಭೇಟಿಯ ಫಲವಾಗಿ, ಮುಂದಿನ ಕಾರ್ಯಕ್ರಮಕ್ಕೆ ನೂರು ಜೋಳದ ರೊಟ್ಟಿ ಮಾಡಿ ತರುವ ಸೇವೆ ಅವರ ಹೆಸರಿಗೆ ಬರೆಯಲ್ಪಟ್ಟಿತು.

ಸೇವೆಯ ಪ್ರಸ್ತಾಪ ಬಂದುದರಿಂದ ಒಂದು ವ್ಯಾಕರಣಸೂಕ್ಷ್ಮವನ್ನು ಇಲ್ಲಿ ಹೇಳಬೇಕು. 'ಸ್ವಯಂಸೇವಕ' ಎಂಬ ಸಮಾಸವನ್ನು ನೀವು ನಾವು ಒಬ್ಬನಿಗೇ ಅನ್ವಯಿಸುತ್ತೇವೆ. ರಾಯರ ವ್ಯಾಕರಣದಲ್ಲಿ ಅದು ಇಬ್ಬರ ನಡುವೆ ಹಂಚಿಹೋಗುವ ಪದ. ಅದರಲ್ಲಿ 'ಸ್ವಯಂ' ರಾಯರದು, 'ಸೇವೆ' ನಮ್ಮದು. "ನಿಮ್ಮ ಹೆಸರು ಕೊಟ್ಟುಬಿಟ್ಟಿದ್ದೀನಿ" ಎಂಬ ಒಂದು ವಾಕ್ಯದಿಂದ ಅವರು ಹೃದ್ರೋಗತಜ್ಞರನ್ನು ಹೋಳಿಗೆಯ ಕೌಂಟರಿಗೂ, ಗಣಕಶಾಸ್ತ್ರದ ಪಂಡಿತರನ್ನು ಕಾರು ನಿಲ್ಲಿಸುವ ಬಯಲಿಗೂ ಅಟ್ಟಿದ್ದಾರೆ. ನ್ಯೂಜೆರ್ಸಿಯ ಕನ್ನಡ ಕೂಟವಾದ 'ಬೃಂದಾವನ'ದ ಸಮಾರಂಭಗಳಲ್ಲಾಗಲಿ, 2010ರಲ್ಲಿ ಎಡಿಸನ್ನಿನಲ್ಲಿಯೂ 2016ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿಯೂ ನಡೆದ, ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ 'ಅಕ್ಕ'ದ ಸಮ್ಮೇಳನಗಳಲ್ಲಾಗಲಿ, ನಾನು ವೇದಿಕೆಯ ಮೇಲಿನ ಯಾವ ಕಲಾವಿದರನ್ನೂ ಸಾವಧಾನವಾಗಿ ನೋಡಿದವನಲ್ಲ. ಒಂದರಲ್ಲಿ ನೀರಿನ ಸೀಸೆಗಳನ್ನು ಎಣಿಸುತ್ತಿದ್ದೆ, ಇನ್ನೊಂದರಲ್ಲಿ ಯಾರದೋ ಕಳೆದುಹೋದ ಅಜ್ಜನನ್ನು ಹುಡುಕುತ್ತಿದ್ದೆ. ರಾಜ್ಯೋತ್ಸವವೆಂಬುದು ಪಂಚಾಂಗದಂತೆ ನವೆಂಬರ್ 1ಕ್ಕೆ ಬರುತ್ತದೆಯಾದರೂ, ಇಲ್ಲಿ ಅದು ಶಾಲೆಯ ಸಭಾಂಗಣ ಬಾಡಿಗೆಗೆ ಸಿಕ್ಕ ಶನಿವಾರವೇ ಬರತಕ್ಕದ್ದು. ಆ ಶನಿವಾರ ರಾಯರು ಕಿತ್ತಳೆಯ ನಿಲುವಂಗಿ ತೊಟ್ಟು ಬಾಗಿಲಲ್ಲಿ ನಿಂತು, ಬರುವ ಒಂದೊಂದು ಕಾರಿಗೂ ದಾರಿ ತೋರಿಸುವ ನೆವದಲ್ಲಿ ಒಂದೊಂದು ಸುದ್ದಿ ಕೊಟ್ಟು ಒಂದೊಂದು ಸುದ್ದಿ ಪಡೆಯುವುದರಿಂದ, ಕಾರುಗಳ ಸಾಲು ಹೆದ್ದಾರಿಯವರೆಗೂ ಬೆಳೆಯುತ್ತದೆ.

ಕನ್ನಡದವರ ಉಸಾಬರಿಯೊಂದರಿಂದಲೇ ಅವರ ದಾಹ ತೀರುವುದಿಲ್ಲ. ಒಂದನೆಯ ಹೆದ್ದಾರಿಯ ಬಳಿ, ಹಿಂದೆ ಅಮೆರಿಕನ್ ಸಯನಮಿಡ್ ಸಂಸ್ಥೆಯ ಕೃಷಿಸಂಶೋಧನೆ ನಡೆಯುತ್ತಿದ್ದ ವಿಶಾಲಭೂಮಿಯಲ್ಲಿ ಗೋದಾಮುಗಳನ್ನು ಕಟ್ಟುವ ಪ್ರಸ್ತಾಪ ಬಂದಾಗ, ಟೌನ್‌ಶಿಪ್ಪಿನ ಸಭೆಯಲ್ಲಿ ಲಾರಿಗಳ ಹೊಗೆಯನ್ನು ಕುರಿತು ಮಾತನಾಡಲು ಹೋದವರಲ್ಲಿ ರಾಯರೂ ಒಬ್ಬರು. ತಮಗೆ ಗೊತ್ತುಮಾಡಿದ್ದ ಅಲ್ಪಾವಧಿಯಲ್ಲಿ ಅವರು ಪೀಠಿಕೆಯನ್ನು ಮುಗಿಸುವಷ್ಟರಲ್ಲಿ ಗಂಟೆ ಬಾರಿಸಿತು. ಉಳಿದ ಭಾಗವನ್ನು ಅವರು ಹೊರಗಿನ ಮೆಟ್ಟಿಲ ಮೇಲೆ, ಸಭೆ ಮುಗಿಸಿ ಮನೆಗೆ ಹೊರಟವರಿಗೆಲ್ಲ ಒಬ್ಬೊಬ್ಬರಿಗೇ ಹೇಳಿದರು. ಇಷ್ಟಾಗಿಯೂ ಅವರ ಸ್ವಂತ ಮನೆಯ ಗ್ಯಾರೇಜಿನ ಬಾಗಿಲು ಎಷ್ಟೋ ವರ್ಷಗಳಿಂದ ಅರ್ಧಕ್ಕೆ ನಿಂತಿದೆ. "ಊರಿಗೆಲ್ಲ ದೀಪ ಹಚ್ಚೋಕೆ ಹೋಗ್ತಾರೆ, ನಮ್ಮ ಬಾಗಿಲು ಎತ್ತೋಕೆ ಪಕ್ಕದ ಮನೆ ಜಾನ್ ಬರಬೇಕು" ಎಂದು ಅವರ ಮನೆಯವರು ಹೇಳುವಾಗ, ರಾಯರು ಆ ಸುದ್ದಿ ತಮ್ಮ ಅಂಕಣಕ್ಕೆ ಸಂಬಂಧಪಟ್ಟದ್ದಲ್ಲವೆಂಬಂತೆ ಕಾಫಿ ಕುಡಿಯುತ್ತಿರುತ್ತಾರೆ.

ಇನ್ನು ಆ ಪ್ರಳಯದ ಮಾತು. 2012ರ ಅಕ್ಟೋಬರ್ 29ರ ರಾತ್ರಿ 'ಸ್ಯಾಂಡಿ' ಎಂಬ ಚಂಡಮಾರುತ ನ್ಯೂಜೆರ್ಸಿಯ ಕರಾವಳಿಗೆ ಬಡಿದು, ಮರಗಳು ತಂತಿಗಳ ಮೇಲೆ ಬಿದ್ದು, ಊರಿನ ದೀಪಗಳು ನಂದಿದವು. ಅವು ಮತ್ತೆ ಹೊತ್ತಿಕೊಳ್ಳಲು ನಮ್ಮ ಬಡಾವಣೆಯಲ್ಲಿ ದಿನಗಳೇ ಹಿಡಿದವು. ವಿದ್ಯುತ್ತಿನ ಒಲೆಯ ನಮ್ಮ ಮನೆಯಲ್ಲಿ ಹಾಲು ಕಾಯಿಸುವುದಕ್ಕೂ ಗತಿಯಿರಲಿಲ್ಲ. ಮರುದಿನ ಬೆಳಗ್ಗೆ, ಎಂದರೆ ಮಂಗಳಗ್ರಹದವರು ಇಳಿದ ತಿಥಿಯಂದೇ, ಬಿದ್ದ ಕೊಂಬೆಗಳನ್ನು ಬಳಸಿಕೊಂಡು ರಾಯರ ವ್ಯಾನು ಬಂದಿತು. "ಈ ಊರಿಗೆ ಅಕ್ಟೋಬರ್ ಕೊನೆ ಆಗಿಬರೋದಿಲ್ಲ ಕಣ್ರೀ" ಎಂದು ಇಳಿದವರ ಕಂಕುಳಲ್ಲಿ ಆ ಉದ್ದನೆಯ ಪುಸ್ತಕವಿತ್ತು. ಯಾವ ಮನೆಯಲ್ಲಿ ತಿಂಗಳ ಕೂಸಿದೆ, ಯಾವ ಮನೆಯ ಅಜ್ಜನವರಿಗೆ ಇನ್ಸುಲಿನ್ ತಣ್ಣಗಿರಬೇಕು, ಯಾರ ಮನೆಯಲ್ಲಿ ಗ್ಯಾಸಿನ ಒಲೆ, ಎಂಬುದೆಲ್ಲ ಅದರಲ್ಲಿತ್ತು. ಯಾರ ಮನೆಯಲ್ಲಿ ಜನರೇಟರ್ ಎಂಬುದು ನಾವು ನಕ್ಕಿದ್ದರಿಂದ ನಮಗೂ ನೆನಪಿತ್ತು. ಮಧ್ಯಾಹ್ನದ ಹೊತ್ತಿಗೆ ಕೂಸು, ಅಜ್ಜ, ಔಷಧ ಮೂರೂ ಸೇರಬೇಕಾದ ಕಡೆ ಸೇರಿದ್ದವು. ಮಡಿಸುವ ಮೇಜುಗಳು ರಾಯರ ಅರೆತೆರೆದ ಗ್ಯಾರೇಜಿನಲ್ಲಿ ಬಿಚ್ಚಿಕೊಂಡು, ಬೆಂಕಿಕಡ್ಡಿಯಿಂದ ಹೊತ್ತಿಸಿದ ಅವರ ಮನೆಯ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಮಕ್ಕಳ ಹ್ಯಾಲೋವೀನ್ ಹಬ್ಬವನ್ನು ಗವರ್ನರು ನವೆಂಬರ್ 5ಕ್ಕೆ ಮುಂದೂಡಿದರು. ರಾಯರು ರಾಜ್ಯೋತ್ಸವವನ್ನು ಮುಂದೂಡಲಿಲ್ಲ. ನಾನು ಕಂಡಂತೆ ಇಲ್ಲಿ ನವೆಂಬರ್ 1ನೆಯ ತಾರೀಖಿನಂದೇ ನಡೆದ ರಾಜ್ಯೋತ್ಸವ ಅದೊಂದೇ. ಸಭಾಂಗಣವಿಲ್ಲದೆ, ಧ್ವನಿವರ್ಧಕವಿಲ್ಲದೆ, ಅತಿಥಿಭಾಷಣವಿಲ್ಲದೆ, ಜಾನ್ ಎತ್ತಿಹಿಡಿದ ಗ್ಯಾರೇಜಿನ ಬಾಗಿಲಿಗೆ ಬಾವುಟ ಸಿಕ್ಕಿಸಿ, ನಾಲ್ವತ್ತು ಮಂದಿ ಬಿಸಿ ಉಪ್ಪಿಟ್ಟು ತಿಂದೆವು. ಜಾನ್ ಎರಡು ಸಲ ಹಾಕಿಸಿಕೊಂಡರು.

ಅಂದಿನಿಂದ ರಾಯರ ಪುಸ್ತಕವನ್ನು ಕಂಡರೆ ನಗುವುದನ್ನು ನಾವು ಬಿಟ್ಟೆವು. ಅವರನ್ನು ಕಂಡರೆ ಮರೆಯಾಗುವುದನ್ನು ಮಾತ್ರ ಬಿಟ್ಟಿಲ್ಲ. ಅದು ಮನುಷ್ಯಸ್ವಭಾವ. ಈ ನಡುವೆ ಅವರ ಸ್ವಂತ ಜೀವನದ ಮೈಲಿಗಲ್ಲೊಂದು ಒದಗಿಬಂದಿತು. ರೈಲು ನಿಲ್ದಾಣದಲ್ಲಿ ಕಾರು ನಿಲ್ಲಿಸುವ ಪರವಾನಗಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವುದು ಇಲ್ಲಿನ ಸಂಸಾರಿಗಳಿಗೆ ಒಂದು ತಪಸ್ಸು. ರಾಯರ ತಪಸ್ಸು ಫಲಿಸಿ ಪರವಾನಗಿಯ ಕಾಗದ ಬಂದದ್ದು ಅವರು ನಿವೃತ್ತರಾದ ತಿಂಗಳಿನಲ್ಲಿ. ನ್ಯೂಯಾರ್ಕಿಗೆ ಹೋಗುವ ಕೆಲಸವಿಲ್ಲದಿದ್ದರೂ ಅವರು ಮೈಸೂರು ಪಾಕು ಹಂಚಿದರು. ನಿಲ್ದಾಣದ ಕಾರು ನಿಲ್ಲಿಸುವ ಆ ಬಯಲಿನಲ್ಲಿ ಶನಿವಾರಗಳಂದು ರೈತರ ಸಂತೆ ಸೇರುತ್ತದೆ. 2004ರಿಂದ ನಡೆದು ಬಂದ ಸಂತೆ. ವಾರವೆಲ್ಲ ಮಾತಿಲ್ಲದೆ ರೈಲು ಹತ್ತುವ ಜನ ಅಂದು ಟೊಮೆಟೊ, ಜೋಳ, ಜೇನುಗಳ ನಡುವೆ ನಿಂತು ಮಾತನಾಡುತ್ತಾರೆ. ರಾಯರಿಗೆ ಅದೇ ಅರಳಿಕಟ್ಟೆ.

ಕಳೆದ ಬೇಸಿಗೆಯ ಒಂದು ಶನಿವಾರ ನಾನು ಟೊಮೆಟೊ ರಾಶಿಯ ಹಿಂದೆ ಅವರ ಕಣ್ಣಿಗೆ ಬೀಳದಂತೆ ನಿಂತಿದ್ದಾಗ, ಪಕ್ಕದಲ್ಲಿ ಒಂದು ಹೊಸ ಸಂಸಾರ ಕನ್ನಡದಲ್ಲಿ ಬದನೆಕಾಯಿಯ ಬೆಲೆಯನ್ನು ಚರ್ಚಿಸುತ್ತಿದ್ದುದು ಕೇಳಿಸಿತು. ನನಗೇ ತಿಳಿಯದಂತೆ ನನ್ನ ಬಾಯಿಂದ, "ಯಾವ ಊರಾಯಿತು ತಮ್ಮದು?" ಎಂಬ ಪ್ರಶ್ನೆ ಹೊರಟುಹೋಯಿತು. ನನ್ನಾಕೆ ಮೊಣಕೈಯಿಂದ ತಿವಿದು, "ನಿಮಗೇಕೆ ಊರ ಉಸಾಬರಿ?" ಎಂದಳು. ತಂದೆ ಉತ್ತರ ಹೇಳುವ ಮೊದಲೇ, ಅವರ ಕೈ ಹಿಡಿದಿದ್ದ ಐದಾರು ವರ್ಷದ ಹುಡುಗಿ, ಇಷ್ಟು ಸುಲಭದ ಪ್ರಶ್ನೆಯನ್ನು ದೊಡ್ಡವರು ಕೇಳುತ್ತಾರೆಯೇ ಎಂಬಂತೆ ನನ್ನನ್ನು ನೋಡಿ, "ಇದೇ ಊರು" ಎಂದಳು.

ಎಲ್ಲಿದ್ದರೋ, ಅಷ್ಟರಲ್ಲಿ ರಾಯರು ಪ್ರತ್ಯಕ್ಷರಾದರು. ಪುಸ್ತಕ ಬಿಚ್ಚಿ, ಅರಕಲಗೂಡು, ಅಥಣಿ, ಕಾಸರಗೋಡುಗಳ ಕಂಬಸಾಲಿನ ಕೆಳಗೆ, 'ಊರು' ಎಂಬ ಅಂಕಣದಲ್ಲಿ, ದುಂಡಗಿನ ಅಕ್ಷರಗಳಿಂದ 'ವೆಸ್ಟ್ ವಿಂಡ್ಸರ್' ಎಂದು ಬರೆದುಕೊಂಡರು. ಒಂದು ಕ್ಷಣ ಅದನ್ನೇ ನೋಡಿ, ಕನ್ನಡಕವನ್ನು ಮೇಲಕ್ಕೆ ಸರಿಸಿ, ಹುಡುಗಿಯ ತಂದೆಯತ್ತ ತಿರುಗಿದರು: "ಸಂತೋಷ. ಮನೆ ಕೊಂಡದ್ದೋ, ಬಾಡಿಗೆಯೋ? ಮಗು ಮುಂದೆ ಉತ್ತರವೋ, ದಕ್ಷಿಣವೋ? ಅಂದಹಾಗೆ, ರಾಜ್ಯೋತ್ಸವಕ್ಕೆ ಕೋಸಂಬರಿಗೆ ತಮ್ಮ ಹೆಸರು ಕೊಟ್ಟುಬಿಟ್ಟಿದ್ದೀನಿ."